ಮೂರು ಬಾರು, ಒಬ್ಬ ಮಾವ

ಕೆಲವರ ಜಾತಕದಲ್ಲಿ ಶನಿ ಇರುತ್ತಾನೆ, ನನ್ನ ಜಾತಕದಲ್ಲಿ ಬಾರಿನ ಮಾಲೀಕರಿದ್ದಾರೆ. ನಾನು ಕಾಲಿಟ್ಟ ಕಡೆ ಏನಾದರೊಂದು ಆಗಿಯೇ ಆಗುತ್ತದೆ. ನಾನು ಮಾಡಿದರೂ ಆಗುತ್ತದೆ, ಮಾಡದೆ ಸುಮ್ಮನೆ ನಿಂತರೂ ಆಗುತ್ತದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲಾರಿ ಕ್ಲೀನರ್ ಆದೆ, ಮದುವೆ ಮನೆಗಳಿಗೆ ಶಾಮಿಯಾನ ಕಟ್ಟಿದೆ, ಮೆಣಸಿನಕಾಯಿ ಗೋದಾಮಿನಲ್ಲಿ ಸೀನಿದೆ. ಕೊನೆಗೆ ಬಾರಿನಲ್ಲಿ ಸಪ್ಲಾಯರ್ ಆದೆ. ಅರಕೇರಾದ ನಮ್ಮ ಮಾವ ಲಿಂಗ ಕಟ್ಟಿದವರು, ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವವರು. ಅವರ ಮುಂದೆ ಬಾರು ಅನ್ನಲು ಬಾಯಿ ಬರದೆ 'ಹೋಟೆಲಿನಾಗ ಅದೀನ್ರಿ' ಅಂದಿದ್ದೆ.

ಎರಡು ವರ್ಷದ ಹಿಂದೆ ದೇವದುರ್ಗದ ಕೆಲಸ ಹೋದಾಗ ಮಾವ ಬಂದು ಮಗಳನ್ನು ಊರಿಗೆ ಕರಕೊಂಡು ಹೊರಟರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ವರ್ಷತನಕ ಒಂದ ಕಡಿ ನಿಂದ್ರು. ನಿಂತಿ ಅಂದ್ರ ನಾನ ತಂದು ಬಿಡ್ತೀನಿ," ಅಂದರು.

ಹೆಂಡತಿ ಕಿಟಕಿಯಿಂದ ಕೈ ಬೀಸಿದಳು. ಒಂದು ವರ್ಷ ಏನು ಮಹಾ ಅಂದುಕೊಂಡೆ. ನನಗೆ ಲೆಕ್ಕ ಬರುವುದಿಲ್ಲ ಅಂತಲೇ ಮಾಸ್ತರರು ಶಾಲೆ ಬಿಡಿಸಿದ್ದು.

೧. ಎಲ್ಲಕ್ಕಿಂತ ಕೆಟ್ಟದ್ದು: ದೇವದುರ್ಗ

ಕೆಲಸ ಹೋದದ್ದು ಹೇಗೆಂದು ಮೊದಲು ಹೇಳಬೇಕು.

ತಗಡಿನ ಮಾಡು, ಒಂದೇ ಫ್ಯಾನು, ಅದೂ ಮಾಲೀಕನ ತಲೆಯ ಮೇಲೆ. ಗಿರಾಕಿಗಳು ಬೇವಿನಗಿಡದ ನೆರಳು ಸರಿದಂತೆ ಕುರ್ಚಿ ಸರಿಸುತ್ತಿದ್ದರು. ಮಧ್ಯಾಹ್ನ ಬಾಗಿಲ ಹತ್ತಿರ ಕೂತವನು ಸಂಜೆಗೆ ಹಿತ್ತಲಲ್ಲಿ ಸಿಗುತ್ತಿದ್ದ. ಒಬ್ಬ ಬೀರು ಮುಟ್ಟಿ, "ಏನ್ ಸಾವ್ಕಾರ್ರ, ಚಾ ಕುದ್ದಂಗ ಕುದಿಯಾಕತ್ತದ," ಅಂದ. ಮಾಲೀಕ ಫ್ಯಾನಿನ ಕೆಳಗಿಂದಲೇ, "ಚಳಿಗಾಲದಾಗ ಬರ್ರಿ," ಅಂದ.

ನಮ್ಮ ಕಡೆ ಶ್ರಾವಣಕ್ಕೆ ಕುಡಿಯುವುದು ಬಂದ್. ಹಿಂದಿನ ದಿನ ಅಮಾವಾಸ್ಯೆ, ಅಂದು ಬಾರು ಜಾತ್ರೆ. ಕುಡಿದು ಉಳಿದದ್ದನ್ನು ಚೆಲ್ಲಲು ಯಾರಿಗೂ ಮನಸ್ಸಿರುವುದಿಲ್ಲ, ಮನೆಗೆ ಒಯ್ಯಲು ಧೈರ್ಯವಿರುವುದಿಲ್ಲ. ಹಾಗಾಗಿ ಬಾಟ್ಲಿಗೆ ಹೆಸರಿನ ಚೀಟಿ ಅಂಟಿಸಿ ಸಪ್ಲಾಯರನ ಕೈಗೆ ಕೊಡುತ್ತಾರೆ. ಇದಕ್ಕೆ ಅಮಾನತು ಅನ್ನುತ್ತಾರೆ. ತಿಂಗಳು ಕಾಯ್ದು ಹಾಗೇ ತಿರುಗಿ ಕೊಡಬೇಕು.

ಆ ಸಲ ಒಬ್ಬ ರೈತ ನೀರಿನಂಥ ಬಿಳಿ ಸರಕಿನ ಬಾಟ್ಲಿ ತಂದ. ಚೀಟಿ ಇಲ್ಲ. ಲೇಬಲ್ಲು ಪೂರಾ ಮುಚ್ಚುವ ಹಾಗೆ ಹಸಿ ವಿಭೂತಿಯಲ್ಲಿ ಮೂರು ಗೆರೆ ಎಳೆದಿತ್ತು.

"ಯಾರದಪಾ ಇದು?"

"ನಂದಲ್ಲ. ದೊಡ್ಡ ಮನಷ್ಯಾರು ಕಳ್ಸ್ಯಾರ. ಹೆಸರು ಹೇಳಬ್ಯಾಡ ಅಂದಾರ. ಗೆರಿ ನೋಡಿ ಗುರ್ತು ಹಿಡಿತಾರಂತ."

ಕಪಾಟಿನಲ್ಲಿಟ್ಟೆ. ಶ್ರಾವಣದ ಮೊದಲ ಸೋಮವಾರ ಮಾಲೀಕನ ತಾಯಿ ಗಲ್ಲಾಪೆಟ್ಟಿಗೆ ಪೂಜೆಗೆ ಬಂದರು. ಕಣ್ಣು ಮಂದ, ಅಕ್ಷರ ಬಾರದು, ಜೀವನಪೂರ್ತಿ ನಸ್ಯ ಏರಿಸಿ ಮೂಗಿಗೆ ವಾಸನೆಯೂ ತಿಳಿಯದು. ನಾನು ಹಿತ್ತಲಲ್ಲಿ ಗ್ಲಾಸು ತೊಳೆಯುತ್ತಿದ್ದೆ. ಯವ್ವ ವಿಭೂತಿ ನೋಡಿ ಕೈ ಮುಗಿದು, ಯಾರೋ ಪುಣ್ಯಾತ್ಮರು ಯಾತ್ರೆಯಿಂದ ತೀರ್ಥ ತಂದಿದ್ದಾರೆ ಅಂತ ಮನೆಗೆ ಒಯ್ದು, ಓಣಿಗೆಲ್ಲ ಒಂದೊಂದು ಚಮಚ ಕೊಟ್ಟುಬಿಟ್ಟರು.

ಮರುದಿನ ನನ್ನನ್ನು ನಿಲ್ಲಿಸಿಕೊಂಡು ಮಾಲೀಕ ಬೈದು ಕೆಲಸದಿಂದ ತೆಗೆಯುತ್ತಿದ್ದ. ಅಷ್ಟರಲ್ಲಿ ಹೊರಗೆ ಗದ್ದಲ. ನೋಡಿದರೆ ಓಣಿಯ ಮುದುಕರೆಲ್ಲ ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದಾರೆ. ಮುಂದಿದ್ದ ಮುದುಕ ಕೈ ಮುಗಿದು ಕೇಳಿದ:

"ಭಾಳ ಜಾಗೃತ ತೀರ್ಥ ಅದರೀ. ಎಂಟು ವರ್ಷದ ಮೊಣಕಾಲ್ ಬ್ಯಾನಿ ನಿನ್ನಿ ಇರಲೇ ಇಲ್ಲ. ಇನ್ನೊಂದೀಟು ಕೊಡ್ರಿ."

೨. ಎಲ್ಲಕ್ಕಿಂತ ವಿಚಿತ್ರ: ಮಾನ್ವಿ

ಹೆಂಡತಿ ಅರಕೇರಾಕ್ಕೆ ಹೋದಳು, ನಾನು ಮಾನ್ವಿಗೆ ಹೋದೆ. ಇಲ್ಲಿನ ಸಾವ್ಕಾರರಿಗೆ ಅಕ್ಕಿ ಮಿಲ್ಲು. ಅಣ್ಣ ತೀರಿಕೊಂಡ ಮೇಲೆ ಅವನ ಬಾರು ಇವರ ಕೊರಳಿಗೆ ಬಿದ್ದಿತ್ತು. ದಿನಾ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಬಾರಿಗೆ ಬಂದು ಕೂಡುತ್ತಿದ್ದರು. ಗಿರಾಕಿ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಬರಬೇಕು. ತತ್ತಿ ಇಲ್ಲ, ಮಾಂಸ ಇಲ್ಲ. ನಂಚಿಕೊಳ್ಳಲು ಮಂಡಾಳ ಒಗ್ಗರಣಿ, ಅಂದರೆ ಒಗ್ಗರಿಸಿದ ಮಂಡಕ್ಕಿ.

ಅದೂ ಹೋಗಲಿ. ಯಾವನಾದರೂ ಎರಡನೇ ಗ್ಲಾಸು ಮುಗಿಸಿದರೆ ಸಾವ್ಕಾರರು ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಡುತ್ತಿದ್ದರು. "ಸಾಕು ತಮ್ಮಾ. ಮನ್ಯಾಗ ಯವ್ವ ರೊಟ್ಟಿ ಬಡಕೊಂಡು ಕುಂತಿರ್ತಾಳ." ಅವನು ಕಣ್ಣೀರು ಹಾಕಿ ಎದ್ದು ಹೋಗುತ್ತಿದ್ದ. ಅವನು ಹೋದ ಮೇಲೆ ಸಾವ್ಕಾರರು ಗಲ್ಲಾಪೆಟ್ಟಿಗೆ ತೆರೆದು ನೋಡಿ, "ಯಾಕೋ ಈ ವ್ಯಾಪಾರ ಕೈ ಹತ್ತವಲ್ದು," ಅಂತ ತಾವೂ ಕಣ್ಣೀರು ಹಾಕುತ್ತಿದ್ದರು.

ಒಮ್ಮೆ ಒಬ್ಬ ಲಾರಿ ಡ್ರೈವರ್ ರೇಗಿಬಿಟ್ಟ. "ಏನ್ರೀ ಇದು, ಬಾರೋ ಮಠನೋ?"

ಸಾವ್ಕಾರರು ಶಾಂತವಾಗಿ ಅಂದರು: "ಮಠಕ್ಕ ಕರದ್ರ ನೀವು ಬರಂಗಿಲ್ಲಲ್ಲಪಾ. ಅದಕ್ಕ ನಾನು ಇಲ್ಲಿಗಿ ಬಂದೀನಿ."

ನಾನು ದಿನ ಎಣಿಸುತ್ತಿದ್ದೆ. ಹನ್ನೊಂದು ತಿಂಗಳ ಮೇಲೆ ಇಪ್ಪತ್ತು ದಿನ. ಇನ್ನು ಹತ್ತು ದಿನ ಕಳೆದರೆ ಹೆಂಡತಿ ಬರುತ್ತಾಳೆ. ಖುಷಿ ತಡೆಯಲಾರದೆ ಸಾವ್ಕಾರರಿಗೆ ಕಥೆ ಹೇಳಿಬಿಟ್ಟೆ. ಅವರ ಕಣ್ಣು ತುಂಬಿತು. "ಮನಿ ಮಂದಿನ್ನ ಅಗಲಿ ಈ ಪಾಪದ ಕೆಲಸ ಮಾಡಾಕತ್ತಿಯೇನೋ? ನಾ ನಿನ್ನ ಬಾಳೇ ಹಾಳು ಮಾಡಿನಲ್ಲಪಾ! ಇವತ್ತ ಬಿಟ್ಟುಬಿಡು, ಹೋಗು."

"ಯಪ್ಪಾ, ಇನ್ನ ಹತ್ತ ದಿನ—"

"ಹತ್ತ ನಿಮಿಷನೂ ಬ್ಯಾಡ."

ಎಲ್ಲ ಮಾಲೀಕರೂ ಬೈದು ಕಳಿಸಿದ್ದರು. ಹಾರ ಹಾಕಿ, ಬಾಳೆಹಣ್ಣು ಕೊಟ್ಟು ಕೆಲಸದಿಂದ ತೆಗೆದವರು ಇವರೊಬ್ಬರೇ.

೩. ಎಲ್ಲಕ್ಕಿಂತ ಚಲೋದು: ರಾಯಚೂರು

ಗಂಜ್ ಕಡೆಯ ಬಾರು. ಏಸಿ ಇತ್ತು, ನಡೆಯುತ್ತಲೂ ಇತ್ತು. ರಾಯಚೂರಿನ ಬೇಸಿಗೆಯಲ್ಲಿ ಇದೊಂದೇ ಸಾಕು, ಸರಾಯಿ ಬೇಕಾಗಿಲ್ಲ. ಮೇ ತಿಂಗಳಲ್ಲಿ ಒಬ್ಬರು ಹೆಂಡತಿ, ಅತ್ತೆ, ಮೂರು ಮಕ್ಕಳೊಂದಿಗೆ ಪರದೆ ಹಾಕಿದ ಫ್ಯಾಮಿಲಿ ರೂಮಿಗೆ ಬಂದು ಒಂದು ಸೋಡಾ ಹೇಳಿದರು. ಎರಡು ತಾಸು ಬಿಟ್ಟು ಪರದೆ ಸರಿಸಿದರೆ ಆರೂ ಜನ ಮಲಗಿದ್ದಾರೆ. ಅತ್ತೆ ಅರ್ಧ ಕಣ್ಣು ತೆರೆದು, "ತಮ್ಮಾ, ಹೊದಿಯಾಕ ಏನರ ಅದನು?" ಅಂದರು.

ಇಲ್ಲಿ ನಾನು ಕಾಲು ಊರಿದೆ. ಬಾಯಿ ಮುಚ್ಚಿಕೊಂಡೆ, ಯಾರಿಗೂ ಕಥೆ ಹೇಳಲಿಲ್ಲ. ಮತ್ತೆ ಶ್ರಾವಣ ಬಂತು. ಅದು ಮುಗಿದರೆ ನನ್ನ ವರ್ಷವೂ ಮುಗಿಯುತ್ತಿತ್ತು. ಈ ಸಲ ನಲವತ್ತು ಬಾಟ್ಲಿ ಅಮಾನತು. ಪ್ರತಿಯೊಂದಕ್ಕೂ ಚೀಟಿ ಹಚ್ಚಿ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡೆ.

ಬಾಟ್ಲಿ ಬಿಟ್ಟವರು ದಿನಾ ಬಂದು, ಹಾಸ್ಟೆಲಿಗೆ ಹಾಕಿದ ಮಕ್ಕಳನ್ನು ನೋಡುವಂತೆ ಗಾಜಿನಾಚೆ ನಿಂತು ನೋಡಿ ಹೋಗುತ್ತಿದ್ದರು. ಒಬ್ಬರಿಗೆ ಅನುಮಾನ.

"ಲೇ, ನಂದು ಕಮ್ಮಿ ಆಗ್ಯದ."

"ಇಲ್ರೀ, ನೀವು ಕೊಟ್ಟಾಗ ಇಷ್ಟ ಇತ್ತು. ಒಂದ ಬಾಟ್ಲಿ, ಅರ್ಧ."

"ಸುಳ್ಳು ಹೇಳಬ್ಯಾಡ. ಅವತ್ತು ನಾ ಕಣ್ಣಾರೆ ನೋಡೀನಿ, ಎರಡು ಇದ್ದುವು."

೪. ಮಾವ

ಶ್ರಾವಣ ಮುಗಿದ ಮರುದಿನ ಬೆಳಿಗ್ಗೆ ಬಾರಿನ ಮುಂದೆ ಪಾಳಿ ಹಚ್ಚಿದ್ದರು. ಒಂದೊಂದೇ ಚೀಟಿ ಓದಿ ಬಾಟ್ಲಿ ಕೊಡುತ್ತ ಹೋದೆ. ಮೂವತ್ತೊಂಬತ್ತಾಯಿತು, ನಲವತ್ತಾಯಿತು. ಒಂದು ಹನಿ ತಪ್ಪಿಲ್ಲ. ಇನ್ನು ಮಾವನಿಗೆ ಫೋನು ಹಚ್ಚಬೇಕು ಅಂತ ತಲೆ ಎತ್ತಿದರೆ, ಪಾಳಿಯ ಕೊನೆಯಲ್ಲಿ ಬಿಳಿ ರುಮಾಲು, ಹಣೆಯ ಮೇಲೆ ಮೂರು ಗೆರೆ. ಮಾವ!

ಓಡಿ ಫ್ಯಾಮಿಲಿ ರೂಮಿನ ಪರದೆ ಹಿಂದೆ ನಿಂತೆ. ಮಾವ ಬಂದು ಪರದೆ ಸರಿಸಿದರು.

"ಏನ್ ಅಳೇರ, ಆರಾಮ ಅದೀರಿ? ಹೋಟೆಲ್ ಚಲೋ ಅದ."

"ಮಾವಾರ... ವರ್ಷ ತುಂಬ್ಯದರೀ."

"ತುಂಬ್ಯದ. ನಾನೂ ಎಣಿಸೀನಿ. ಈಗ ನಂದು ಕೊಡು."

"ನಿಮ್ಮದು?"

ಮಾವ ಆಚೀಚೆ ನೋಡಿ ದನಿ ತಗ್ಗಿಸಿದರು. "ಎರಡ ವರ್ಷದ ಹಿಂದ, ದೇವದುರ್ಗದಾಗ. ಬಿಳಿದು. ಮೂರು ಗೆರಿ ಎಳದಿದ್ದೆ. ಅಳಿಯ ಇರೋ ಬಾರಿಗಿ ನಾನ ಹ್ಯಾಂಗ ಬರ್ಲಿ ಅಂತ ಮಂದಿ ಕೈಯಾಗ ಕಳ್ಸಿದ್ದೆ."

ತೀರ್ಥ, ಯವ್ವ, ಮೊಣಕಾಲು ಎಲ್ಲ ಹೇಳಿದೆ. ಮಾವ ನಗಲಿಲ್ಲ.

"ಅದೆಲ್ಲ ನನಗ ಅವತ್ತ ಗೊತ್ತಾಗ್ಯದ. ಕೆಲಸ ಬಿಟ್ಟದ್ದಕ್ಕ ಮಗಳನ್ನ ಕರಕೊಂಡು ಹೋದೆ ಅಂತ ತಿಳದಿದ್ದಿ? ಕೆಲಸ ಯಾರು ಬಿಡಂಗಿಲ್ಲ? ಒಂದು ತಿಂಗಳು ಬಾಟ್ಲಿ ಕಾಯಾಕ ಆಗಲಾರದವ, ನನ್ನ ಮಗಳನ್ನ ಜಲ್ಮತನಕ ಹ್ಯಾಂಗ ಕಾಯ್ತಾನ?"

"ಈಗ ನಲವತ್ತು ಕಾದೀನ್ರಿ!"

"ಅವು ಮಂದಿವು."

ಮಾವ ಕೌಂಟರಿಗೆ ಹೋಗಿ ಅಂಥದೇ ಬಿಳಿ ಬಾಟ್ಲಿ ಕೊಂಡರು. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು ಮುಚ್ಚಳ ತಿರುಗಿಸಿದರು. ಜೇಬಿನಿಂದ ವಿಭೂತಿ ತೆಗೆದು, ನೀರು ಹಚ್ಚಿ, ನಿಧಾನಕ್ಕೆ ಮೂರು ಗೆರೆ ಎಳೆದು ನನ್ನ ಕೈಗಿಟ್ಟರು.

"ಬರೋ ಶ್ರಾವಣ ಮುಗಿಯೋತನಕ ಕಾಯಿ. ಹಿಂಗ ಇದ್ದರ, ಅವತ್ತ ಮಗಳನ್ನ ತಂದು ಬಿಡ್ತೀನಿ."

ಈಗ ನಾನು ಎಲ್ಲೂ ಹೋಗುವಂತಿಲ್ಲ. ಬಾರಿನ ಕಪಾಟಿನ ಮೇಲೆ ನಂಬಿಕೆ ಸಾಲದೆ ಬಾಟ್ಲಿಯನ್ನು ರೂಮಿನಲ್ಲೇ ಟ್ರಂಕಿಗೆ ಹಾಕಿದ್ದೇನೆ. ಮುಟ್ಟಿದರೆ ಗೆರೆ ಅಳಿಸೀತೆಂದು ದೂರದಿಂದಲೇ ನೋಡುತ್ತೇನೆ.

ಹೆಂಡತಿ ದಿನಾ ಫೋನು ಮಾಡುತ್ತಾಳೆ. ಮೊದಲು 'ಉಂಡ್ರೇನ್ರಿ?' ಅಂತ ಕೇಳುತ್ತಿದ್ದಳು. ಈಗ ಫೋನು ಎತ್ತಿದ ಕೂಡಲೇ, "ಬಾಟ್ಲಿ ಆರಾಮ ಅದನ್ರಿ?" ಅನ್ನುತ್ತಾಳೆ.

ಅದು ಆರಾಮ ಇದೆ. ನನ್ನನ್ನು ಯಾರೂ ಕೇಳುವುದಿಲ್ಲ.