ಚಕ್ರದಡಿಯ ಕಲ್ಲು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಲಿಂಗಮ್ಮ ಟೀ ಲೋಟದ ಜೊತೆ ಕೊಟ್ಟ ಸುದ್ದಿಯೇ ಡ್ರೈವರ್ ಸಣ್ಣಸ್ವಾಮಿಯ ದಿನ ಕೆಡಿಸಿತು.

"ಕೊಡಗು ಸರ್ಕಾರದ ಹೊಸ ಗಾಡಿ ಇನ್‌ಸ್ಪೆಕ್ಟ್ರು ಯೂನಿಫಾರಮ್ಮೇ ಹಾಕಲ್ವಂತೆ ಕಣೋ. ಬಡವನ ಹಂಗೆ ರಸ್ತೇಲಿ ನಿಂತು, ಲಾರಿ ಹತ್ತಿ, ಎಲ್ಲಾ ನೋಡ್ಕೊತಾನಂತೆ."

"ಯಾರಂದ್ರು?"

"ಎಲ್ಲಾರೂ ಅಂತವ್ರೆ."

ಸಣ್ಣಸ್ವಾಮಿ ಲೋಟ ಹಿಡಿದೇ ಲಾರಿ ಹತ್ತಿ ಕುಳಿತ. ಅವನ ಕಾಫಿ ಲಾರಿಯ ಹ್ಯಾಂಡ್ ಬ್ರೇಕು ಮುದಿ ಹಸುವಿನ ಬಾಲದಂತೆ. ಎಳೆದಷ್ಟೂ ಕೈಗೆ ಬರುತ್ತಿತ್ತು, ಲಾರಿ ಮಾತ್ರ ನಿಲ್ಲುತ್ತಿರಲಿಲ್ಲ. ಅದಕ್ಕೇ ಅವನು ದಾರಿಹೋಕರನ್ನು ಪುಕ್ಕಟೆ ಹತ್ತಿಸಿಕೊಳ್ಳುತ್ತಿದ್ದ. ತಪಾಸಣೆ ಕಂಡೊಡನೆ ಅವರು ಹಿಂದಿನಿಂದ ಇಳಿದು, ಸದ್ದಿಲ್ಲದೆ ಚಕ್ರದಡಿ ಕಲ್ಲು ಕೊಡಬೇಕು. ಅದೇ ಚಾರ್ಜು.

ಧಣಿ ಶಾಂತಪ್ಪ ಮೊನ್ನೆಯೇ ಹೇಳಿದ್ದರು: "ರಿಪೇರಿ ನಾನು ನೋಡ್ಕೋತೀನಿ. ಅಷ್ಟರೊಳಗೆ ಸಿಕ್ಕಿಬಿದ್ಯೋ, ಸ್ಟೇರಿಂಗು ಬೇರೆಯವನ ಕೈಗೆ."

ಅಷ್ಟರಲ್ಲಿ ತೊಗಲು ಚೀಲ ಹಿಡಿದ ಅಪರಿಚಿತನೊಬ್ಬ ಕಿಟಕಿಯ ಬಳಿ ಬಂದ.

"ಶಾಂತಪ್ಪನೋರ ಲಾರಿ ಇದೇ ಅಲ್ವಾ?"

"ಯಾಕೆ?"

"ಕುಶಾಲನಗರದ ತನಕ ಬರ್ತೀನಿ. ಹ್ಯಾಂಡ್ ಬ್ರೇಕ್ ಹೆಂಗಿದೆ?"

ಲಿಂಗಮ್ಮ ಬೇಕೆಂದೇ ಕೆಮ್ಮಿದಳು. ಸಣ್ಣಸ್ವಾಮಿ ಪಾಠ ಒಪ್ಪಿಸುವವನಂತೆ ಕೂಗಿದ: "ಸರಕು ಲಾರೀಲಿ ಜನ ಹತ್ತಿಸೋದು ಕಾನೂನಿಗೆ ವಿರುದ್ಧ, ಸ್ವಾಮಿ!" ಲೋಟ ವಾಪಸು ಕೊಡುವುದನ್ನೂ ಮರೆತು ಗಾಡಿ ಓಡಿಸಿದ.

ಸ್ವಲ್ಪ ಮುಂದೆ, ದಿನವೂ ಲಾರಿ ಹತ್ತುವ ಜವರಿ ಕುಕ್ಕೆ ಹೊತ್ತು ಕೈ ಅಡ್ಡ ಹಿಡಿದಳು. "ನಿಲ್ಸಣ್ಣೋ, ಕಲ್ಲು ನಾನ್ ಕೊಡ್ತೀನಿ!"

ಆ ಇನ್‌ಸ್ಪೆಕ್ಟರೇ ಇವಳಿಂದ ಹೀಗೆ ಕೂಗಿಸಿರಬೇಕು! ಸಣ್ಣಸ್ವಾಮಿ ನಿಲ್ಲಿಸಲಿಲ್ಲ.

ಆನೆಕಾಡಿನ ಇಳಿಜಾರಿನಲ್ಲಿ ಹಿಂದಿನಿಂದ ಬಂದ ಜೀಪು ದಾಟಿಹೋಗಿ ಅಡ್ಡ ನಿಂತಿತು. ಇಳಿದವರು ಇನ್‌ಸ್ಪೆಕ್ಟರು; ಟೋಪಿ, ಬೆಲ್ಟು, ಬೂಟು ಎಲ್ಲವೂ ಇದ್ದವು.

"ಗೇರ್ ಬಿಡಿಸು. ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿ."

"ಕಾಲು ಜೋಮು ಹಿಡಿದೈತೆ, ಸ್ವಾಮಿ."

"ಎರಡೂನಾ?"

"ಬ್ರೇಕಿನ ಮೇಲಿರೋದು ಒಂದೇ."

ಆಗ ಜೀಪಿನಿಂದ ಆ ತೊಗಲು ಚೀಲದವನೇ ಧುಮುಕಿದ. ದೊಡ್ಡ ಕಲ್ಲೊಂದನ್ನು ಹೊತ್ತು ತಂದು ಚಕ್ರಕ್ಕೆ ಕೊಟ್ಟು, ಹಲ್ಲು ಕಿರಿದ.

"ಇನ್ನು ಇಳೀರಣ್ಣ, ಹೆದರ್ಬೇಡಿ! ನಾನು ಫಿಟ್ಟರ್ ಮಲ್ಲ. ನಿಮ್ಮ ಹ್ಯಾಂಡ್ ಬ್ರೇಕ್ ರಿಪೇರಿಗೆ ಧಣಿ ಕಳಿಸಿದ್ರು. ನೀವು ಬಿಟ್ಟು ಬಂದ್ರಿ, ಪಾಪ, ಈ ಸಾಹೇಬ್ರು ಹತ್ತಿಸ್ಕೊಂಡ್ರು. ದಾರೀಲಿ ಎಲ್ಲಾ ಹೇಳಿದೀನಿ."

ಸಣ್ಣಸ್ವಾಮಿ ಇಳಿದ. ಲಾರಿ ಕದಲಲಿಲ್ಲ. ಇನ್‌ಸ್ಪೆಕ್ಟರು ಅವನ ಲೈಸೆನ್ಸನ್ನು ಜೇಬಿಗೆ ಸೇರಿಸಿ ಹೊರಟುಹೋದರು.

ಮಲ್ಲ ಲಾರಿಯಡಿ ನುಸುಳಿದ. ಧಣಿಗೆ ಸುದ್ದಿ ಮುಟ್ಟಿಸಲು ಸಣ್ಣಸ್ವಾಮಿ ಖಾಕಿ ಅಂಗಿಯ ಧೂಳು ಕೊಡವಿ, ಮಡಿಕೇರಿ ಕಡೆ ಹೊರಟಿದ್ದ ಲಾರಿಗೆ ಕೈ ಅಡ್ಡ ಹಿಡಿದ.

ಡ್ರೈವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ವೇಗ ಹೆಚ್ಚಿಸಿದ.

"ಸರಕು ಲಾರೀಲಿ ಜನ ಹತ್ತಿಸಲ್ಲ, ಸ್ವಾಮಿ!"