ಮೂರು ಸರ್ವರಿನ ಊರಲ್ಲಿ ಕಾಲ್ಚೊನ ಮದುವೆ

ಡ್ರೆನೊವ್ ಬ್ರೋದ್ ಪುರಸಭೆಯ ವ್ಯಾಪ್ತಿಯಲ್ಲಿ ಹುಟ್ಟಿದವರು, ಮದುವೆಯಾದವರು ಮತ್ತು ಸತ್ತವರು ಎಲ್ಲರೂ ಹತ್ತೊಂಬತ್ತು ವರ್ಷ ಒಂದೇ ಸರ್ವರಿನೊಳಗೆ ಯಾವ ತಕರಾರೂ ಇಲ್ಲದೆ ವಾಸವಾಗಿದ್ದರು ಎಂಬುದನ್ನು ಮೊದಲಿಗೆ ದಾಖಲಿಸಬೇಕಾಗಿದೆ.

ಆ ಸರ್ವರ್ ಇದ್ದದ್ದು ಜನನ-ಮರಣ ವಿಭಾಗದ ಸ್ತಾಮೆನಾಳ ಮೇಜಿನ ಕೆಳಗೆ. ಚಳಿಗಾಲದಲ್ಲಿ ಅವಳು ಬೂಟು ಕಳಚಿ ಅದರ ಮೇಲೆ ಕಾಲಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು, ಬೆಚ್ಚಗಿರುತ್ತಿತ್ತು. ನಾನು ಪುರಸಭೆಯಲ್ಲಿ ನೆಲ ಒರೆಸುವವಳು. ವಾರಕ್ಕೆ ಎರಡು ಸಲ ಅದರ ಬೆನ್ನಿನ ಧೂಳು ತೆಗೆಯುತ್ತಿದ್ದೆ. ಇಡೀ ಊರಿನ ಬೆನ್ನು ತಿಕ್ಕಿದ ಹಾಗಾಗುತ್ತಿತ್ತು, ನೋಡಿ.

ಹೀಗಿರುವಾಗ ಜನವರಿಯಲ್ಲಿ ರಾಜಧಾನಿಯಿಂದ ಸುತ್ತೋಲೆ ಬಂತು. "ಯಾವುದೇ ಪುರಸಭೆಯು ಒಂದೇ ಸರ್ವರನ್ನು ನಂಬಿಕೊಂಡಿರತಕ್ಕದ್ದಲ್ಲ. ಇನ್ನು ಮುಂದೆ ಮೂರು ಇರತಕ್ಕದ್ದು. ಮೂರೂ ಒಂದೇ ಮಾತು ಆಡತಕ್ಕದ್ದು. ಮೂರೂ ಒಂದೇ ಸೂರಿನಡಿ ಇರತಕ್ಕದ್ದಲ್ಲ."

ಮೇಯರ್ ಮುಟಾಫೋವ್ ತಕ್ಷಣ ಏಳು ಜನರ ಸ್ಥಳ ಪರಿಶೀಲನಾ ಸಮಿತಿ ಮಾಡಿದರು. ಒಂದು ಸರ್ವರ್ ಪುರಸಭೆಯಲ್ಲಿ, ಒಂದು ವಾಚನಾಲಯದಲ್ಲಿ ಎಂಬುದು ಬೇಗ ತೀರ್ಮಾನವಾಯಿತು. ಮೂರನೆಯದಕ್ಕೆ ಎಡೆಬಿಡದ ಕರೆಂಟು, ಎಡೆಬಿಡದ ತಂಪು ಎರಡೂ ಬೇಕು ಎಂದು ಸುತ್ತೋಲೆಯಲ್ಲಿತ್ತು. ಶಾಲೆಯಲ್ಲಿ ಕರೆಂಟು ಆಗಾಗ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ತಂಪು ಇರಲಿಲ್ಲ. ಎರಡೂ ಇದ್ದದ್ದು ರಾಡುಲ್‌ನ ಭಟ್ಟಿಮನೆಯಲ್ಲಿ, ಅಂದರೆ ಊರವರೆಲ್ಲ ತಮ್ಮ ತಮ್ಮ ಪ್ಲಮ್ ಹಣ್ಣು ಹೊತ್ತು ತಂದು ರಕಿಯಾ ಎಂಬ ಹಣ್ಣಿನ ಸಾರಾಯಿ ಇಳಿಸಿಕೊಂಡು ಹೋಗುವ ಜಾಗದಲ್ಲಿ. ಅಲ್ಲಿ ಹಳ್ಳದ ನೀರು ಕೊಳವೆಯಲ್ಲಿ ಸದಾ ಹರಿಯುತ್ತದೆ. ಕರೆಂಟು ಕಚೇರಿಯ ಮುಖ್ಯಸ್ಥರ ಪ್ಲಮ್ಮೂ ಅಲ್ಲೇ ಬೇಯುವುದರಿಂದ ಭಟ್ಟಿಮನೆಯಲ್ಲಿ ದೀಪ ಆರಿದ್ದನ್ನು ಕಂಡವರು ಯಾರೂ ಇಲ್ಲ. 'ಸರ್ವರ್ ತಂಪುಗೊಳಿಸುವ ಯೋಜನೆ'ಯಡಿ ಭಟ್ಟಿಗೆ ಹೊಸ ತಾಮ್ರದ ಮುಚ್ಚಳ ಬಂತು. ಸಮಿತಿಯವರು ದಿನಾ ಸಂಜೆ ಪರಿಶೀಲಿಸಲು ಏಳು ಜನ ಕೂರುವ ಬೆಂಚೂ ಬಂತು.

ಇಂಜಿನಿಯರ್ ಓಗ್ನ್ಯಾನ್ ರಾಜಧಾನಿಯಿಂದ ಬಂದ. ತೆಳ್ಳಗಿನ, ಮರ್ಯಾದಸ್ಥ ಹುಡುಗ. ಸಭೆಯಲ್ಲಿ ನಿಂತು ವಿವರಿಸಿದ.

"ಮೂರರಲ್ಲಿ ಒಂದು ನಾಯಕ. ಅದು ಕೈಕೊಟ್ಟರೆ ಉಳಿದ ಎರಡು ಸೇರಿ ಬೇರೆ ನಾಯಕನನ್ನ ಆರಿಸ್ತವೆ. ಯಾವ ದಾಖಲೆಗೇ ಆಗಲಿ ಮೂರರಲ್ಲಿ ಎರಡು ಒಪ್ಪಬೇಕು. ಎರಡು ಒಪ್ಪಿದ್ದನ್ನ ಮೂರನೇದು ಕೇಳುತ್ತೆ."

"ಆರಿಸ್ತವೆ ಅಂದ್ರೆ, ಎಷ್ಟು ವರ್ಷಕ್ಕೊಂದ್ಸಲ?" ಮೇಯರ್ ಕೇಳಿದರು.

"ಬೇಕಾದಾಗ. ಒಂದು ಸೆಕೆಂಡಿನ ಕೆಲಸ."

"ಪ್ರಚಾರ?"

"ಇಲ್ಲ."

"ಊಟ ಗೀಟ?"

"ಅದೂ ಇಲ್ಲ ಸರ್."

ಮೇಯರ್ ಪೆನ್ನು ಕೆಳಗಿಟ್ಟರು. "ಮತ್ತೆ ಅವು ಮತ ಹಾಕೋದಾದ್ರೂ ಯಾಕೆ?" ಎಂದರು. ಈ ಪ್ರಶ್ನೆಯನ್ನು ಮುಂದಿನ ಸಭೆಗೆ ಇಡಲಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಾಯಿತು.

ಮರುದಿನ ಪುರಸಭೆಯ ಬಾಗಿಲಿಗೆ ಪ್ರಕಟಣೆ ಅಂಟಿಸಿದರು: "ದಾಖಲೆ ಸ್ಥಳಾಂತರದ ಪ್ರಯುಕ್ತ ಶನಿವಾರ ಬೆಳಿಗ್ಗೆ ಎಂಟರಿಂದ ಭಾನುವಾರ ಸಂಜೆ ಆರರವರೆಗೆ ಸಾರ್ವಜನಿಕರು ಹುಟ್ಟುವುದು, ಮದುವೆಯಾಗುವುದು ಹಾಗೂ ಸಾಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸತಕ್ಕದ್ದು. ಅಡಚಣೆಗಾಗಿ ವಿಷಾದಿಸುತ್ತೇವೆ." ಜನ ಸಹಕರಿಸಿದರು. ಸೇತುವೆ ಕಡೆಯ ಮುದುಕಿಯೊಬ್ಬಳು ಶನಿವಾರವೇ ಹೋಗುವಂತಿದ್ದವಳು ಸೋಮವಾರದ ತನಕ ಕಾದಳು. ಮೊದಲಿನಿಂದಲೂ ಶಿಸ್ತಿನ ಹೆಂಗಸು.

ಭಾನುವಾರ ಸಂಜೆ ಹೊತ್ತಿಗೆ ಊರೆಲ್ಲ ಹಳೇ ಸರ್ವರಿನಿಂದ ಹೊಸ ಮೂರಕ್ಕೂ ಸೇರಿತು. ಹಳೆಯದನ್ನು ಒಳಗೆ ಒಂದಕ್ಷರ ಉಳಿಯದಂತೆ ಅಳಿಸಿ, ಶಾಲು ಹೊದಿಸಿ ನಿವೃತ್ತಿಗೊಳಿಸಲಾಯಿತು. ಸ್ತಾಮೆನಾ ಅಂದಿನಿಂದ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕುತ್ತಾಳೆ.

ಸೋಮವಾರ ಉದ್ಘಾಟನೆ. ನಮ್ಮಲ್ಲಿ ಹೊಸದೇನು ಬಂದರೂ, ಅಂಗಡಿಯಾಗಲಿ ಬಸ್ಸಾಗಲಿ, ಪಾದ್ರಿ ಬಂದು ಮಂತ್ರಿಸಿದ ನೀರು ಚಿಮುಕಿಸದೆ ಯಾರೂ ಮುಟ್ಟುವುದಿಲ್ಲ. ನಮ್ಮ ಪಾದ್ರಿಯ ಕೈ ಧಾರಾಳ. ಕಾಮಕಸ್ತೂರಿಯ ಕಟ್ಟನ್ನು ತಾಮ್ರದ ಬಟ್ಟಲಿನಲ್ಲಿ ಅದ್ದಿ ಅದ್ದಿ ಮೇಯರಿಗೆ, ಸರ್ವರಿಗೆ, ಮೂರು ಸರ್ವರುಗಳನ್ನು ಕೂಡಿಸುವ ತಂತಿಯ ಪೆಟ್ಟಿಗೆಗೆ ಯಾರಿಗೂ ಭೇದ ಮಾಡದೆ ಎರಚಿದರು. ಸರ್ವರಿಗೆ ಏನೂ ಆಗಲಿಲ್ಲ. ಪೆಟ್ಟಿಗೆ ಚಟ್ ಎಂದಿತು, ಸಣ್ಣ ಹೊಗೆ ಬಂತು.

"ಕೆಟ್ಟದ್ದು ಹೊರಗೆ ಹೋಯ್ತು," ಎಂದರು ಪಾದ್ರಿ.

ಓಗ್ನ್ಯಾನ್ ಹೊಸ ಪೆಟ್ಟಿಗೆ ತರಲು ರಾಜಧಾನಿಗೆ ಹೋದ. ಬುಧವಾರದ ತನಕ ಮೂರು ಸರ್ವರಿಗೂ ಮಾತುಕತೆ ಇಲ್ಲ. ಆದರೆ ಸರ್ಕಾರಿ ಕೆಲಸ ನಿಲ್ಲುವಂತಿಲ್ಲವಲ್ಲ? ಮೇಯರ್ ಆದೇಶ ಹೊರಡಿಸಿದರು: "ಪ್ರತಿಯೊಂದು ಸರ್ವರೂ ತಾನಿರುವಲ್ಲೇ ತನ್ನ ಕಣ್ಣಿಗೆ ಬಿದ್ದದ್ದನ್ನು ದಾಖಲಿಸಿಕೊಳ್ಳತಕ್ಕದ್ದು."

ಇಲ್ಲಿಂದ ಕಾಲ್ಚೊನ ವಿಷಯ ಶುರು.

ಕಾಲ್ಚೊ ಬಾಲ್ತೋವ್ ಅರವತ್ತೆರಡು ವರ್ಷದ ಬ್ರಹ್ಮಚಾರಿ, ಜೇನು ಸಾಕುತ್ತಾನೆ. ದಾಫಿನಾ ಎದುರು ಮನೆಯ ವಿಧವೆ. ಬರುವ ಭಾನುವಾರ ಅವರ ಮದುವೆ. ಅದಾದ ಮೇಲೆ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುತ್ತದೆ, ಏಳು ವಾರ ಯಾರೂ ಮದುವೆ ಮಾಡುವಂತಿಲ್ಲ. ಕಾಲ್ಚೊ ಈಗಾಗಲೇ ಎರಡು ಸಲ ಮುಂದಕ್ಕೆ ಹಾಕಿದವನು. ಒಂದು ಸಲ ಜೇನು ಗುಂಪು ಎದ್ದು ಹೋಗಿತ್ತು, ಇನ್ನೊಂದು ಸಲ ಮೊಣಕಾಲು. ದಾಫಿನಾ ಸ್ಪಷ್ಟವಾಗಿ ಹೇಳಿದ್ದಳು: "ಮೂರನೇ ಸಲ ನೆಪ ಹೇಳಿದೆಯೋ, ನಾನು ವಾರ್ನಾದಲ್ಲಿರೋ ನಮ್ಮ ತಂಗಿ ಮನೆಗೆ ಹೋಗ್ತೀನಿ. ಸಮುದ್ರ ನೋಡ್ಕೊಂಡು ಇದ್ದುಬಿಡ್ತೀನಿ."

ಮಂಗಳವಾರ ಕಾಲ್ಚೊನ ಅಜ್ಜ ತೀರಿ ಇಪ್ಪತ್ತೈದು ವರ್ಷ. ಸತ್ತವರ ಫೋಟೋ ಹಾಕಿ ಅಚ್ಚು ಮಾಡಿಸಿದ ನೆನಪಿನ ಹಾಳೆಯನ್ನು ವರ್ಷ ವರ್ಷ ಬಾಗಿಲಿಗೆ ಅಂಟಿಸುವುದು ಇಲ್ಲಿ ಎಲ್ಲರ ಮನೆಯಲ್ಲೂ ಇರುವುದೇ. ಕಾಲ್ಚೊ ಬೆಳಿಗ್ಗೆ ಎದ್ದು ತಾನೇ ಮೈದಾ ಅಂಟು ಕಲಸಿ ಅಂಟಿಸಿದ. ಅಜ್ಜನ ಹೆಸರೂ ಕಾಲ್ಚೊ ಬಾಲ್ತೋವ್. ಮೊಮ್ಮಗನಿಗೆ ಅದನ್ನೇ ಇಟ್ಟದ್ದು. ಫೋಟೋದಲ್ಲಿ ಅಜ್ಜನಿಗೆ ಅರವತ್ತು ಚಿಲ್ಲರೆ, ಅದೇ ಮೀಸೆ. ವಾಚನಾಲಯದ ವೆನೆತಾ, ಆದೇಶದಂತೆ ಕಣ್ಣಿಗೆ ಬಿದ್ದದ್ದನ್ನು ದಾಖಲಿಸಲು ಬೀದಿ ಬೀದಿ ತಿರುಗುತ್ತಿದ್ದವಳು, ಅದನ್ನು ಕಂಡು ತನ್ನ ಸರ್ವರಿನಲ್ಲಿ ಕಾಲ್ಚೊನನ್ನು ಸಾಯಿಸಿದಳು. ಇಪ್ಪತ್ತೈದು ವರ್ಷ ಎಂದು ಹಾಳೆಯಲ್ಲಿತ್ತು, ಅವಳು ಓದಿಯೂ ಇದ್ದಳು. ಆದರೆ ನಮೂನೆಯಲ್ಲಿ ಹೆಸರು, ಮನೆ ನಂಬರು ಎರಡೇ ಕೇಳಿದ್ದರು. ಕೇಳದ್ದನ್ನು ಬರೆಯುವ ಸ್ವಭಾವ ಅವಳದಲ್ಲ.

ಅದೇ ಹೊತ್ತಿಗೆ ಕಾಲ್ಚೊ ಕೊನೆಯ ಪೀಪಾಯಿ ಪ್ಲಮ್ ಹೊತ್ತು ಭಟ್ಟಿಮನೆಯಲ್ಲಿದ್ದ. ಮೊದಲ ಲೋಟ ರುಚಿ ನೋಡಿ, "ಇದು ನನ್ನ ಮದುವೆಯದು ರಾಡುಲ್," ಎಂದ. ರಾಡುಲ್ ಲೋಟ ಎತ್ತಿ "ಇಬ್ಬರೂ ನೂರು ವರ್ಷ ಬಾಳಿ" ಎಂದು ಕುಡಿದು, ಬಾಯೊರೆಸಿಕೊಂಡು, ತನ್ನ ಸರ್ವರಿನಲ್ಲಿ ಮದುವೆ ಆಯಿತು ಎಂದು ಒತ್ತಿದ. ಬೆಂಚಿನ ಮೇಲಿದ್ದ ಏಳೂ ಸದಸ್ಯರು ಸಾಕ್ಷಿ ಸಹಿ ಹಾಕಿದರು.

ಬುಧವಾರ ಓಗ್ನ್ಯಾನ್ ಬಂದು ಪೆಟ್ಟಿಗೆ ಕೂಡಿಸಿದ. ಗುರುವಾರ ಕಾಲ್ಚೊ ಟೋಪಿ ಕೈಯಲ್ಲಿ ಹಿಡಿದು, ಅವಿವಾಹಿತ ಎಂಬ ಪ್ರಮಾಣಪತ್ರಕ್ಕಾಗಿ ಸ್ತಾಮೆನಾಳ ಮುಂದೆ ನಿಂತ. ಅದಿಲ್ಲದೆ ಪುರಸಭೆಯಲ್ಲಿ ಮದುವೆಯಿಲ್ಲ. ಪುರಸಭೆಯ ಕಾಗದವಿಲ್ಲದೆ ಪಾದ್ರಿ ಚರ್ಚಿನಲ್ಲಿ ಮದುವೆಯ ಕಿರೀಟ ತೊಡಿಸುವುದಿಲ್ಲ.

ಸ್ತಾಮೆನಾ ಪರದೆ ನೋಡಿದಳು. ಅವನನ್ನು ನೋಡಿದಳು. ಮತ್ತೆ ಪರದೆ ನೋಡಿದಳು.

"ಕಾಲ್ಚೊ ಅಣ್ಣ, ನಮ್ಮ ಸರ್ವರಲ್ಲಿ ನಿಮಗೆ ಮದುವೆ ಆಗಿಲ್ಲ."

"ಅದನ್ನೇ ಬರ್ಕೊಡು ತಂಗಿ."

"ಭಟ್ಟಿಮನೇಲಿ ಆಗಿದೆ."

"ಯಾರ ಜೊತೆ?"

"ದಾಫಿನಾ ಅಕ್ಕನ ಜೊತೆಗೇ."

"ಅಬ್ಬ," ಎಂದ ಕಾಲ್ಚೊ.

"ವಾಚನಾಲಯದಲ್ಲಿ ನೀವು ತೀರಿಕೊಂಡಿದ್ದೀರಿ."

ಕಾಲ್ಚೊ ಟೋಪಿ ಹಾಕಿಕೊಂಡ, ಮತ್ತೆ ತೆಗೆದ. "ಯಾವುದು ಮೊದಲು?" ಎಂದು ಕೇಳಿದ.

ಮೂರರಲ್ಲಿ ಯಾವ ಎರಡೂ ಒಪ್ಪದಿದ್ದುದರಿಂದ ಕಾಗದ ಮುದ್ರಣವಾಗಲಿಲ್ಲ. ಶುಕ್ರವಾರ ಮೇಯರ್ ತುರ್ತು ಸಭೆ ಕರೆದರು. ಅವರಿಗೂ ಆತುರವಿತ್ತು: ಮೂರು ಸರ್ವರೂ ಒಂದೇ ಮಾತಾಡುತ್ತಿವೆಯೇ ಎಂದು ನೋಡಲು ಸೋಮವಾರ ರಾಜಧಾನಿಯಿಂದ ತಪಾಸಣೆಯವರು ಬರುವವರಿದ್ದರು.

ಸ್ತಾಮೆನಾ ನಿಯಮ ಓದಿದಳು. ಮದುವೆಯ ದಾಖಲೆ ತೆಗೆಯಲು ವಿಚ್ಛೇದನವೊಂದೇ ದಾರಿ. ಕೋರ್ಟು ಆರು ತಿಂಗಳು ತೆಗೆದುಕೊಳ್ಳುತ್ತದೆ, ಯಾರ ತಪ್ಪು ಎಂದೂ ಬರೆಯಬೇಕು. ಸಾವಿನ ದಾಖಲೆ ತೆಗೆಯಲು ಮೃತನು ಖುದ್ದಾಗಿ ಅರ್ಜಿ ಕೊಡಬೇಕು, ಜೊತೆಗೆ ಬದುಕಿದ್ದಾನೆ ಎಂಬ ಪ್ರಮಾಣಪತ್ರ ಲಗತ್ತಿಸಬೇಕು.

"ಆ ಪ್ರಮಾಣಪತ್ರ ಯಾರು ಕೊಡ್ತಾರೆ?" ಕಾಲ್ಚೊ ಕೇಳಿದ.

"ಸರ್ವರ್."

"ನಾನು ಇಲ್ಲೇ ನಿಂತಿದ್ದೀನಲ್ಲ ತಂಗಿ. ನಿನ್ನ ಅಪ್ಪನ ಜೊತೆ ಇಸ್ಪೀಟು ಆಡಿದೋನು."

"ನನಗೆ ಗೊತ್ತು ಅಣ್ಣ. ಆದ್ರೆ ನನಗೆ ಮತ ಇಲ್ಲ. ಇರೋ ಮೂರೂ ಅವಕ್ಕೇ."

ಮೇಯರ್ ಸ್ತಾಮೆನಾಳ ಕಡೆ ತಿರುಗಿದರು. "ಅವಿವಾಹಿತ ಅನ್ನೋದನ್ನ ಬದಲಾಯಿಸೋಕೆ ಏನು ಬೇಕು?"

"ಅದಕ್ಕೆ ಒಂದು ಮುದ್ರೆ ಸಾಕು. ಹತ್ತು ನಿಮಿಷ."

"ಸರಿ. ಹಾಗಾದ್ರೆ ಪುರಸಭೆ ಸರ್ವರಲ್ಲೂ ಇವರು ತೀರಿಕೊಂಡ್ರು ಅಂತ ಹಾಕಿ. ಎರಡು ಒಂದಾಗುತ್ತೆ, ಮೂರನೇದು ಕೇಳುತ್ತೆ. ಸೋಮವಾರ ವ್ಯವಸ್ಥೆ ಕನ್ನಡಿ ಥರ ಇರುತ್ತೆ. ಕಾಲ್ಚೊ, ನೀನೇನೂ ಬೇಜಾರು ಮಾಡ್ಕೋಬೇಡ, ಇದು ಬರೀ ಆಡಳಿತದ ಸಾವು."

"ಭಾನುವಾರ ನನ್ನ ಮದುವೆ ಮೇಯರ್ ಸಾಹೇಬ್ರೇ."

"ಆಮೇಲೆ ಒಂದು ಅರ್ಜಿ ಕೊಡು, ನೋಡೋಣ."

ಸ್ತಾಮೆನಾ ಮುದ್ರೆ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ದಾಫಿನಾ. ಮೊಣಕೈ ತನಕ ಹಿಟ್ಟು, ಮದುವೆಯ ರೊಟ್ಟಿ ನಾದುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು.

"ಅವನನ್ನ ಸಾಯಿಸ್ತಿದ್ದೀರಂತೆ?"

"ದಾಖಲೆಯಲ್ಲಿ ಮಾತ್ರ ಅಮ್ಮ," ಎಂದರು ಮೇಯರ್.

"ಒಬ್ಬ ಗಂಡನ್ನ ಆಗಲೇ ಕಳಿಸಿದ್ದೀನಿ, ಅವನ ಕಾಗದ ಓಡಾಡಿ ಮಾಡಿಸೋಕೆ ಒಂದು ವರ್ಷ ಹಿಡೀತು. ಇನ್ನೊಂದು ಸಲ ಅಲೆಯೋಕೆ ಕಾಲಲ್ಲಿ ಶಕ್ತಿ ಇಲ್ಲ."

"ಹಾಗಾದ್ರೆ ಮದುವೆ ಆಗಿದೆ ಅಂತ ಹಾಕ್ಸಿಬಿಡೋಣ. ಭಟ್ಟಿಮನೇಲಿ ಹೇಗಿದ್ರೂ ಆಗಿದೆಯಲ್ಲ. ಎಲ್ಲಾ ಮುಗೀತು."

ಭಟ್ಟಿಯ ರಾಡುಲ್ ಮೂಲೆಯಿಂದ ಹೇಳಿದ, "ಚೆನ್ನಾಗೇ ನಡೀತು ದಾಫಿನಾ. ಏಳು ಜನ ದೊಡ್ಡೋರಿದ್ರು."

"ಮಂಗಳವಾರ ನಾನು ಎಲೆಕೋಸಿನ ಪೀಪಾಯಿ ತೊಳೀತಿದ್ದೆ," ದಾಫಿನಾ ಎಂದಳು. "ಮದುವೆ ಆಗಿದ್ರೆ ನನಗೆ ಗೊತ್ತಾಗ್ತಿತ್ತು. ಅರವತ್ತು ಜನರನ್ನ ಕರೆದಿದ್ದೀನಿ. ಹೂಂ ಅಂತ ನನ್ನ ಬಾಯಿಂದ ಹೇಳ್ಬೇಕು, ಎಲ್ಲರೂ ಕೇಳ್ಬೇಕು. ಇಲ್ಲಾಂದ್ರೆ ವಾರ್ನಾ ಬಸ್ಸು ಭಾನುವಾರ ಎರಡೂವರೆಗೆ."

ಕಾಲ್ಚೊ ಅವಳ ಕೈಯ ಹಿಟ್ಟು ನೆಲಕ್ಕೆ ಉದುರುವುದನ್ನೇ ನೋಡುತ್ತ ನಿಂತ. ನಲವತ್ತು ವರ್ಷದಿಂದ ನೆಲ ಒರೆಸುತ್ತಿದ್ದೇನೆ, ಗಂಡಸರು ನೆಲ ನೋಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗೆ ನೋಡಿದವನನ್ನು ಕಂಡಿರಲಿಲ್ಲ.

ಸ್ತಾಮೆನಾ ಮುದ್ರೆ ಕೆಳಗಿಟ್ಟಳು. "ಇಂಜಿನಿಯರೇ, ಆ ತಂತಿ ಮತ್ತೆ ಕಿತ್ತುಹೋದ್ರೆ?"

"ಆಗ ಮೂರೂ ಬೇರೆ ಬೇರೆ," ಎಂದ ಓಗ್ನ್ಯಾನ್.

"ಆಗ ನನ್ನದು ಯಾರನ್ನೂ ಕೇಳಲ್ವಾ?"

"ಕೇಳಬೇಕು. ಆದ್ರೆ ಸೋಮವಾರ ಮೇಯರ್ ಆ ಆದೇಶ ಹೊರಡಿಸಿದ ಮೇಲೆ, ತಂತಿ ಇಲ್ಲದಾಗ ಯಾರನ್ನೂ ಕೇಳದ ಹಾಗೆ ಇಲ್ಲಿಯವರು ಮಾಡಿಟ್ಟಿದ್ದಾರೆ." ಆಗ ಅವನಿಗೆ ಅವಳ ಉಪಾಯ ಹೊಳೆಯಿತು. "ಇಲ್ಲ ಅಕ್ಕ, ಇದು ಸರಿಯಲ್ಲ. ಮೂರನ್ನೂ ಕೂಡಿಸಿ ಕ್ಲಸ್ಟರ್ ಮಾಡಿರೋದೇ ಹಾಗೆ ಆಗದಿರಲಿ ಅಂತ."

"ಸರಿಯೋ ಅಲ್ಲವೋ ಅನ್ನೋದಕ್ಕೆ ಮೂರರಲ್ಲಿ ಎರಡು ಸಾಕು ಅಂತ ನೀವೇ ಹೇಳಿದ್ರಿ," ಎಂದರು ಮೇಯರ್. "ನಾನು ಸರಿ ಅಂತೀನಿ. ಸ್ತಾಮೆನಾ?"

"ಸರಿ."

"ನೀವು?"

ಓಗ್ನ್ಯಾನ್ ಅಲ್ಲವೆಂದು ತಲೆಯಾಡಿಸಿದ.

"ಬಹುಮತ," ಎಂದರು ಮೇಯರ್, ಮತ್ತು 'ಸಾರ್ವಜನಿಕ ಹಿತದೃಷ್ಟಿಯಿಂದ ತಂತಿ ವಿರಾಮ' ಎಂಬ ಆದೇಶಕ್ಕೆ ಸಹಿ ಹಾಕಿದರು.

ತಂತಿ ಕೀಳುವವರು ಯಾರು ಎಂಬುದು ಇನ್ನೊಂದು ಗಂಟೆಯ ಚರ್ಚೆಯಾಯಿತು. ಯಂತ್ರ ಮುಟ್ಟುವ ಅಧಿಕಾರ ಇಂಜಿನಿಯರಿಗೆ ಮಾತ್ರ, ಅವನು ಕೀಳುವುದಿಲ್ಲ ಎಂದ. ಕೊನೆಗೆ ನಾನು ನೋಡಿದೆ, ತಂತಿ ಹಾದುಹೋಗಿದ್ದು ನೆಲದ ಮೇಲೆ. ನೆಲ ನನ್ನ ಇಲಾಖೆ. ಒರೆಸುವಾಗ ಎಳೆದೆ, ಬಂತು.

ಭಾನುವಾರ ಹನ್ನೊಂದಕ್ಕೆ ಪುರಸಭೆಯ ಸರ್ವರ್ ಯಾರನ್ನೂ ಕೇಳದೆ ಕಾಗದ ಕೊಟ್ಟಿತು: ಕಾಲ್ಚೊ ಬಾಲ್ತೋವ್, ಜೀವಂತ, ಅವಿವಾಹಿತ. ದಾಫಿನಾ ಹೂಂ ಎಂದದ್ದು ಬೀದಿಯ ತುದಿಯ ತನಕ ಕೇಳಿಸಿತು. ನಮ್ಮ ಪದ್ಧತಿಯಲ್ಲಿ ಸಹಿ ಹಾಕುವಾಗ ಯಾರು ಮೊದಲು ಇನ್ನೊಬ್ಬರ ಕಾಲು ತುಳಿಯುತ್ತಾರೋ ಮನೆಯಲ್ಲಿ ಅವರ ಮಾತೇ ನಡೆಯುವುದು. ಅವಳು ಲೇಖನಿ ಹಿಡಿಯುವ ಮೊದಲೇ ತುಳಿದಳು. ವಾರ್ನಾ ಬಸ್ಸು ಎರಡೂವರೆಗೆ ಖಾಲಿ ಹೋಯಿತು.

ಸೋಮವಾರ ತಪಾಸಣೆಯವರು ಮೂವರು ಬಂದರು. ಭಟ್ಟಿಮನೆಯ ಸರ್ವರನ್ನು ನಾಲ್ಕು ಗಂಟೆ ಪರಿಶೀಲಿಸಿದರು. ಮೂರು ಸರ್ವರುಗಳ ನಡುವೆ ಭಿನ್ನಾಭಿಪ್ರಾಯ ಬಂದಿದೆಯೇ ಎಂದು ಕೇಳಿದರು. ತಂತಿ ಕಿತ್ತ ದಿನದಿಂದ ಒಂದೇ ಒಂದು ಮಾತು ಬಂದಿಲ್ಲ ಎಂದರು ಮೇಯರ್. ಅದು ನಿಜವೂ ಆಗಿತ್ತು. ತಿಂಗಳೊಳಗೆ ಹೊಸ ಸುತ್ತೋಲೆ ಬಂತು: ಎಲ್ಲ ಪುರಸಭೆಗಳೂ ಡ್ರೆನೊವ್ ಬ್ರೋದ್ ಮಾದರಿಯಲ್ಲಿ ತಮ್ಮ ಸರ್ವರುಗಳ ನಡುವಿನ ತಂತಿಯನ್ನು ತೆಗೆದು, ಅವುಗಳ ಸೌಹಾರ್ದವನ್ನು ಕಾಪಾಡತಕ್ಕದ್ದು.

ಜನರಿಗೂ ಅನುಕೂಲವೇ ಆಗಿದೆ. ಹೆಂಡತಿಯೊಡನೆ ಜಗಳವಾಡಿದವರು ವಾರಕ್ಕೊಮ್ಮೆ ತಾವು ಮದುವೆಯಾಗಿರದ ಸರ್ವರಿರುವ ಕಟ್ಟಡಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಓಗ್ನ್ಯಾನ್ ನಮ್ಮೂರಲ್ಲೇ ಮನೆ ಮಾಡಿದ್ದಾನೆ. ಬೆಂಚಿನ ಮೇಲೆ ಎಂಟನೆಯವನು.

ಕಾಲ್ಚೊ ವಾಚನಾಲಯದಲ್ಲಿ ಇನ್ನೂ ಸತ್ತೇ ಇದ್ದಾನೆ. ಪುಸ್ತಕವನ್ನು ದಾಫಿನಾ ವಾರಸುದಾರಳಾಗಿ ತರುತ್ತಾಳೆ, ಇವನು ಓದುತ್ತಾನೆ. ಚೆರ್ರಿ ಹಣ್ಣಿನ ಕಾಲದಲ್ಲಿ, ಸತ್ತವರ ಹೆಸರಲ್ಲಿ ತಿನಿಸು ಹಂಚುವ ಶನಿವಾರ ಬಂದಾಗ, ವಾಚನಾಲಯದ ದಾಖಲೆಗೆ ಅಗೌರವ ಆಗಬಾರದೆಂದು ದಾಫಿನಾ ಗೋಧಿ ಬೇಯಿಸಿ ಸಕ್ಕರೆ ಕಲಸಿದಳು. ಪಾತ್ರೆ ಭಾರವಿತ್ತು, ಕಾಲ್ಚೊ ಹೊತ್ತ. ವಾಚನಾಲಯದ ಮೆಟ್ಟಿಲ ಮೇಲೆ ಬಂದವರಿಗೆಲ್ಲ ಒಂದೊಂದು ಚಮಚ ಗೋಧಿ, ಒಂದೊಂದು ಹಿಡಿ ಚೆರ್ರಿ ಹಂಚಿದರು. ಎಲ್ಲರೂ "ದೇವರು ಅವನನ್ನ ಕ್ಷಮಿಸಲಿ" ಎಂದು ತಿಂದರು. ಕಾಲ್ಚೊನೂ ಹಾಗೇ ಹೇಳಿ ಎರಡು ಚಮಚ ತಿಂದ.

"ಒಳ್ಳೆ ಮನುಷ್ಯ ಇದ್ದ," ಎಂದಳು ವೆನೆತಾ, ತುಟಿಯ ಸಕ್ಕರೆ ಒರೆಸಿಕೊಳ್ಳುತ್ತ.

"ಇದ್ದ ಕಣಮ್ಮ," ಎಂದ ಕಾಲ್ಚೊ. "ಇನ್ನೊಂದು ಹಿಡಿ ಚೆರ್ರಿ ತಗೋ."