ಗೇಣು ಹಾಕಿ ಎಬ್ಬಿಸಿದ ಗೋಡೆ

ಅಳಿಯರಾಯರ ಗೇಣಿಗೆ ಸುತ್ತಲಿನ ಬೀದಿಗಳಲ್ಲೆಲ್ಲ ಹೆಸರಿತ್ತು! ಹೆಬ್ಬೆರಳು, ಕಿರುಬೆರಳು ಚಾಚಿದರೆ ಸಾಕು. ಬಾಗಿಲು, ಬೀರು, ಬೆಕ್ಕು ಎಲ್ಲವೂ ಉಸಿರು ಬಿಗಿಹಿಡಿದು ಅಳೆಸಿಕೊಳ್ಳುತ್ತಿದ್ದವು. ಟೇಪು ಹಿಡಿಯುವುದು ಅವರ ಪ್ರಕಾರ ಕೈಲಾಗದವರ ಕೆಲಸ.

ಅತ್ತೆ, ಮಾವ ಬಂದು ಇರಲು ಹಾಲ್‌ನಲ್ಲೇ ಒಂದು ಕೋಣೆ ಬೇಕಾಗಿತ್ತು.

"ಜಿಪ್ಸಮ್ ಬೋರ್ಡಿನ ಗೋಡೆ! ನಾನೊಬ್ಬನೇ ಎಬ್ಬಿಸ್ತೀನಿ!" ಎಂದು ಅಳಿಯರಾಯರು ಗುಡುಗಿದರು. 'ನಮ್ಮ ಅಳಿಯಂದ್ರಿಗೆ ಒಂದು ಮೊಳೆ ಹೊಡೆಯೋಕೂ ಬರಲ್ಲ' ಎಂದು ಮಾವ ಮದುವೆಯ ಹೊಸತರಲ್ಲಿ ಆಡಿದ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ಆ ಬಾಯಿಂದ ಒಂದು ಹೊಗಳಿಕೆ ಕೇಳಲೇಬೇಕು!

"ಗೋಡೆಗೆ ದಪ್ಪ ಬೋರ್ಡು ತಗೊಳ್ಳಿ ಸಾರ್, ತೆಳ್ಳಗಿರೋದು ಸೀಲಿಂಗಿಗೆ" ಎಂದ ಅಂಗಡಿಯವನು. ಬೋರ್ಡು ಹೊತ್ತು ಮೆಟ್ಟಿಲು ಹತ್ತಬೇಕಾದ ತಮ್ಮ ಬೆನ್ನನ್ನು ನೆನೆದು ಅಳಿಯರಾಯರು ತೆಳ್ಳಗಿನದನ್ನೇ ಆರಿಸಿದರು.

ಬೋರ್ಡು ಕೂರಿಸುವ ತಗಡಿನ ಕಂಬಿಗಳನ್ನು ಗೇಣು ಹಾಕಿಯೇ ನಿಲ್ಲಿಸಿದರು. ಬೆಳಗಿನ ಗೇಣು ಹುಲಿಯಂತಿತ್ತು. ಮಧ್ಯಾಹ್ನದ ಹೊತ್ತಿಗೆ ದಣಿದು ಇಲಿಯಾಯಿತು. ಬೋರ್ಡು ಇಟ್ಟು ನೋಡಿದರೆ ಅಂಚಿನ ಹಿಂದೆ ಕಂಬಿಯೇ ಇಲ್ಲ! ಸ್ಕ್ರೂ ಹೊಡೆದರೆ ಗಾಳಿಗೆ ಹೊಡೆದಂತೆ.

"ರೀ, ಅಲ್ಲಾಡ್ತಿದೆ!" ಎಂದಳು ಹೆಂಡತಿ.

"ಹೊಸದಲ್ವೇನೇ, ನಾಚಿಕೊಂಡಿದೆ."

"ಬಿಚ್ಚಿ ಮತ್ತೆ ಹಾಕ್ರೀ. ನಾಳೆ ಅಪ್ಪ ಬರ್ತಾರೆ."

"ಬಿಚ್ಚೋದಾ? ಪುಟ್ಟಿ ಯಾಕಿರೋದು ಮತ್ತೆ!"

ಸಂದಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದದ್ದೇ ತಡ, ಗೋಡೆ ಮದುಮಗನಂತೆ ಹೊಳೆಯಿತು. ಮರುದಿನ ಅತ್ತೆ, ಮಾವ ಬಂದರು. ಬಂದವರೇ ಮಾವ ಗೋಡೆಯ ಬೆನ್ನು ತಟ್ಟಿದರು. ಮೇಲೆಲ್ಲೋ 'ಟಿಕ್' ಎಂದಿತು. ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಇಣುಕಿತು. ಬೋರ್ಡು ಮುಂದಕ್ಕೆ ಬಾಗಿತು. ಅಳಿಯರಾಯರ ಜೀವ ಬಾಯಿಗೆ ಬಂತು! ಒಂದೇ ನೆಗೆತಕ್ಕೆ ಅದಕ್ಕೆ ಬೆನ್ನು ಕೊಟ್ಟು ನಿಂತು, ಕೈಕಟ್ಟಿಕೊಂಡು ಹಲ್ಲು ಕಿರಿದರು. ಕಿವಿಯ ಹಿಂದೆ ಪುಟ್ಟಿಯ ಪುಡಿ ಸುರಿಯುತ್ತಿತ್ತು. ಬೆವರಿಗೆ ಬೋರ್ಡು ನೆನೆದೀತೆಂಬ ಭಯ ಬೇರೆ!

ಚಹಾ ಬಂತು; ನಿಂತೇ ಕುಡಿದರು. ಅತ್ತೆ ಕುರ್ಚಿ ಎಳೆದರು.

"ಬೇಡ ಅತ್ತೆ, ನಿಂತ್ರೇ ನನಗೆ ಆರಾಮ!"

"ನಡುಗ್ತಾ ಇದ್ದೀರಲ್ಲಪ್ಪಾ?"

"ಅದೂ ಆರಾಮಕ್ಕೇ ಅತ್ತೆ!"

ಊಟಕ್ಕೆ ತಟ್ಟೆ ಹಾಕಿದ್ದಾಯಿತು. ಮಾವ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಹೇಳಿದರು:

"ಭೇಷ್, ಅಳಿಯಂದ್ರೇ! ಬನ್ನಿ, ಇವತ್ತು ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ಬೇಕು ನೀವು!"

"ಬರ್ತೀನಿ ಮಾವ. ಆದ್ರೆ ನಾನು ಬಂದ್ರೆ ಗೋಡೇನೂ ಬರುತ್ತೆ."